ಹಿತ್ತಾಳೆ ತಂತಿಯ ಗೇಲಿಕ್ ಹಾರ್ಪ್: ಕಡಿದುಹೋದ ವಿದ್ಯೆ ಮತ್ತೆ ಕೈಗೆ ಬರುತ್ತದೆಯೇ?

ಶಾಲ್ಮಲಾ, ಡಬ್ಲಿನ್

ಐರ್ಲೆಂಡಿನ ಯೂರೋ ನಾಣ್ಯಗಳ ಒಂದು ಮುಖದಲ್ಲಿ ಹಾರ್ಪ್ ಇದೆ. ಪಾಸ್‌ಪೋರ್ಟ್ ಮೇಲೂ ಸರ್ಕಾರಿ ಪತ್ರಗಳ ಮೇಲೂ ಅದೇ. ಗಿನ್ನೆಸ್ ಬಿಯರ್ ಬಾಟಲಿಯ ಮೇಲೆ ಅದೇ ವಾದ್ಯ ಕನ್ನಡಿಯ ಬಿಂಬದಂತೆ ಮುಖ ತಿರುಗಿಸಿ ನಿಂತಿದೆ. ಈ ಊರಿಗೆ ಬಂದು ಒಂಬತ್ತು ವರ್ಷವಾಯಿತು. ದಿನಕ್ಕೆ ಹತ್ತು ಸಲ ಕೈಗೆ ಬರುವ ಆ ಚಿತ್ರದ ವಾದ್ಯ ಹೇಗೆ ನುಡಿಯುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ ಎಂಬುದು ಗೊತ್ತಾದದ್ದು ಎರಡು ವರ್ಷಗಳ ಹಿಂದೆ.

ಇಲ್ಲಿ ಮದುವೆಗಳಲ್ಲಿ, ಹೋಟೆಲುಗಳಲ್ಲಿ ಹಾರ್ಪ್ ನುಡಿಸುತ್ತಾರೆ. ಅದು ನೈಲಾನ್ ಅಥವಾ ಕರುಳಿನ ತಂತಿಯದು, ಬೆರಳ ತುದಿಯ ಮೆತ್ತನೆಯ ಭಾಗದಿಂದ ಮೀಟುವಂಥದು. ಸೊಗಸಾದ ವಾದ್ಯವೇ, ಆದರೆ ನಾಣ್ಯದ ಮೇಲಿರುವುದು ಅದಲ್ಲ. ನಾಣ್ಯಕ್ಕೆ ಮಾದರಿಯಾದದ್ದು ಟ್ರಿನಿಟಿ ಕಾಲೇಜಿನ ಹಳೆಯ ಹಾರ್ಪ್. 1014ರಲ್ಲಿ ಸತ್ತ ಬ್ರಿಯಾನ್ ಬೋರು ಎಂಬ ದೊರೆಯ ಹೆಸರು ಅದಕ್ಕೆ ಅಂಟಿಕೊಂಡಿದೆ. ವಾದ್ಯ ಅವನಿಗಿಂತ ಕೆಲವು ಶತಮಾನ ಈಚಿನದು. ಮೈಯನ್ನು ಒಂದೇ ದಿಮ್ಮಿಯಿಂದ ಕೊರೆದು ತೆಗೆದಿದ್ದಾರೆ. ತಂತಿ ಹಿತ್ತಾಳೆಯದು, ಮೀಟುವುದು ಉದ್ದ ಬೆಳೆಸಿದ ಉಗುರಿನಿಂದ. ಎಡ ಭುಜಕ್ಕೆ ಒರಗಿಸಿಕೊಂಡು ಎಡಗೈಯಲ್ಲಿ ತಾರಸ್ಥಾಯಿ, ಬಲಗೈಯಲ್ಲಿ ಮಂದ್ರ ನುಡಿಸಬೇಕು. ಈಗಿನ ಹಾರ್ಪಿಗೆ ಇದು ಪೂರಾ ಉಲ್ಟಾ. ಐರ್ಲೆಂಡಿನಲ್ಲೂ ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲೂ ಗೇಲಿಕ್ ಮಾತಾಡುವವರು ಇದನ್ನು ಕ್ಲಾರ್ಶಖ್ ಎಂದು ಕರೆದರು. ಹನ್ನೆರಡನೆಯ ಶತಮಾನದಲ್ಲಿ ವೇಲ್ಸಿನಿಂದ ಬಂದ ಪಾದ್ರಿ ಗಿರಾಲ್ಡಸ್ ಕ್ಯಾಂಬ್ರೆನ್ಸಿಸ್ ಐರ್ಲೆಂಡಿನ ಜನರ ಬಗ್ಗೆ ಒಳ್ಳೆಯ ಮಾತು ಬರೆದದ್ದೇ ಕಡಿಮೆ. ಅಂಥವನೂ ಹಾರ್ಪ್ ವಾದಕರನ್ನು ಮನಸಾರೆ ಹೊಗಳಿದ. ತೊಗಲಿನ ತಂತಿಗಿಂತ ಲೋಹದ ತಂತಿಯನ್ನೇ ಇವರು ಹೆಚ್ಚು ಬಳಸುತ್ತಾರೆ ಎಂದೂ ಬರೆದಿಟ್ಟ.

ಕಿಲ್ಕೆನಿಯಲ್ಲಿ ಆಗಸ್ಟ್ ತಿಂಗಳಲ್ಲಿ ಈ ವಾದ್ಯಕ್ಕೆಂದೇ ಬೇಸಿಗೆ ಶಾಲೆ ನಡೆಯುತ್ತದೆ. ಅಲ್ಲಿ ಮೊದಲ ದಿನ ಒಂದು ಪ್ರತಿಕೃತಿಯನ್ನು ನನ್ನ ಮಡಿಲಿಗೆ ಕೊಟ್ಟರು. ಒಂದು ತಂತಿ ಮೀಟಿದೆ. ದೇವಸ್ಥಾನದ ಗಂಟೆಯನ್ನು ಉಗುರಿನಿಂದ ತಟ್ಟಿದರೆ ಬರುವಂಥ ದನಿ. ಅದು ನಿಲ್ಲಲಿಲ್ಲ. ಪಕ್ಕದ ತಂತಿ ಮೀಟಿದೆ, ಅದರ ಪಕ್ಕದ್ದನ್ನೂ ಮೀಟಿದೆ. ನಾಲ್ಕನೆಯ ಸ್ವರಕ್ಕೆ ಬರುವಷ್ಟರಲ್ಲಿ ನಾಲ್ಕೂ ಒಟ್ಟಿಗೆ ಮೊಳಗುತ್ತಾ ಕಲಸಿಹೋದವು, ರಾಗ ಎಲ್ಲಿದೆ ಎಂದು ನನಗೇ ತಿಳಿಯಲಿಲ್ಲ. ಗುರುಗಳು ನನ್ನ ತೋರುಬೆರಳನ್ನು ಹಿಡಿದು, ಆಗತಾನೇ ಮೀಟಿದ್ದ ತಂತಿಯ ಮೇಲೆ ಮೆಲ್ಲಗೆ ಇಟ್ಟರು. ಒಂದು ಸ್ವರ ಅಡಗಿತು, ಇನ್ನೊಂದು ಸ್ಪಷ್ಟವಾಗಿ ಮೇಲೆದ್ದಿತು. ಆ ಇಡೀ ವಾರ ನಾವು ಕಲಿತದ್ದು ಮುಖ್ಯವಾಗಿ ಇದನ್ನೇ: ಯಾವ ಸ್ವರವನ್ನು ಯಾವಾಗ, ಯಾವ ಬೆರಳಿನಿಂದ ನಿಲ್ಲಿಸಬೇಕು, ಯಾವುದನ್ನು ಹಾಗೇ ಮೊಳಗಲು ಬಿಡಬೇಕು.

ಅಲ್ಲಿಂದ ಒಂದು ಪ್ರಶ್ನೆ ತಲೆ ಬಿಟ್ಟು ಹೋಗುತ್ತಿಲ್ಲ. ಈ ವಾದ್ಯದ ಗುರುಶಿಷ್ಯರ ಸಾಲು ಹತ್ತೊಂಬತ್ತನೆಯ ಶತಮಾನದಲ್ಲಿ ಕಡಿದುಹೋಯಿತು. ಮರವೂ ತಂತಿಯೂ ಸಿಗುತ್ತವೆ. ಬೆರಳಿನ ಆ ನಡೆ ಎಲ್ಲಿಂದ ಸಿಕ್ಕಿತು? ನನಗೆ ತಿಳಿದದ್ದನ್ನು ಮುಂದೆ ಬರೆಯುತ್ತೇನೆ. ಸಂಗೀತ ಬಲ್ಲವರು ದಯವಿಟ್ಟು ಮಾತಾಡಿ.

ವೀಣೆಮನೆ, ಮೈಸೂರು

ಶಾಲ್ಮಲಾ ಅವರೇ, ಉಗುರಿನ ಮಾತು ಓದಿ ನನ್ನ ಅಜ್ಜಿ ನೆನಪಾದರು. ಮೈಸೂರಿನ ವೀಣೆಯಲ್ಲಿ ಉಗುರಿನಿಂದ ಮೀಟುವ ರೂಢಿ ಇದೆ. ಅಜ್ಜಿ ಬಲಗೈಯಲ್ಲಿ ಪಾತ್ರೆ ತಿಕ್ಕುತ್ತಿರಲಿಲ್ಲ, ಉಗುರು ಸೀಳಿದರೆ ವಾರಗಟ್ಟಲೆ ವೀಣೆ ಮುಟ್ಟುವಂತಿರಲಿಲ್ಲ. ಬೆರಳಿನ ತೊಗಲಿಗೂ ಉಗುರಿಗೂ ನಾದದಲ್ಲಿ ಎಷ್ಟು ಅಂತರ ಎಂಬುದು ಮೀಟಿ ನೋಡಿದವರಿಗೇ ಗೊತ್ತು.

ಎರಡು ಸಂದೇಹ. ವೀಣೆಯಲ್ಲಿ ಒಂದೇ ತಂತಿಯ ಮೇಲೆ ಎಡಗೈ ಜಾರುವುದರಿಂದ ಹಿಂದಿನ ಸ್ವರ ತಾನಾಗಿ ಮುಂದಿನದರೊಳಗೆ ಸೇರಿಹೋಗುತ್ತದೆ. ನಿಮ್ಮದರಲ್ಲಿ ಪ್ರತಿ ಸ್ವರಕ್ಕೂ ಬೇರೆ ತಂತಿ. ಹಾಗಾದರೆ ಗಮಕವೇ ಇಲ್ಲವೇ? ಇನ್ನೊಂದು, ಮಂದ್ರಕ್ಕೆ ನಾವು ಸುತ್ತು ತಂತಿ ಹಾಕುತ್ತೇವೆ. ಅಲ್ಲಿ ಬರಿಯ ಹಿತ್ತಾಳೆ ಮಂದ್ರದಲ್ಲಿ ಸಪ್ಪೆಯಾಗುವುದಿಲ್ಲವೇ?

ಶಾಲ್ಮಲಾ, ಡಬ್ಲಿನ್

ಸಪ್ಪೆಯಾಗುತ್ತದೆ ಮೇಡಂ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ತಂತಿಯನ್ನು ಕಡಿಯುವ ಹಂತದ ಹತ್ತಿರಕ್ಕೆ ಎಳೆದು ಬಿಗಿದಾಗಲೇ ಹಿತ್ತಾಳೆ ಚೆನ್ನಾಗಿ ಹಾಡುತ್ತದೆ. ಹಳೆಯ ಹಾರ್ಪ್‌ಗಳು ಗಿಡ್ಡ. ಆ ಗಿಡ್ಡ ಉದ್ದದಲ್ಲಿ ಕೆಳಗಿನ ಸ್ವರ ಬೇಕೆಂದರೆ ತಂತಿ ಸಡಿಲವಾಗಿ ಜೋತುಬೀಳುತ್ತದೆ. ಹಳೆಯ ಗೇಲಿಕ್ ಬರಹಗಳಲ್ಲಿ ಬೆಳ್ಳಿ, ಚಿನ್ನದ ತಂತಿಗಳ ಮಾತು ಬರುತ್ತದೆ. ಅದನ್ನು ಬಹುಕಾಲ ಕವಿಗಳ ಅಲಂಕಾರ ಎಂದೇ ತಿಳಿದಿದ್ದರು. ಅಮೆರಿಕದ ಹಾರ್ಪ್ ವಾದಕಿ ಆ್ಯನ್ ಹೇಮನ್ ಅದನ್ನು ಅಕ್ಷರಶಃ ನಂಬಿ, ಮಂದ್ರಕ್ಕೆ ಚಿನ್ನದ ತಂತಿ ಹಾಕಿ ನೋಡಿದರು. ಚಿನ್ನದ ಸಾಂದ್ರತೆ ಹಿತ್ತಾಳೆಯ ಎರಡು ಪಟ್ಟಿಗಿಂತ ಹೆಚ್ಚು. ಅದೇ ಉದ್ದದಲ್ಲಿ, ಬಿಗಿ ಕಳೆದುಕೊಳ್ಳದೆ ಸ್ವರ ಕೆಳಗಿಳಿಯುತ್ತದೆ. ಅಲಂಕಾರ ಅಂದುಕೊಂಡಿದ್ದ ಮಾತು ಕಸುಬಿನ ಮಾತಾಗಿತ್ತು.

ಗಮಕದ ಬಗ್ಗೆ: ನಮ್ಮ ಅರ್ಥದ ಗಮಕ ಇಲ್ಲ. ಆದರೆ ಎರಡು ಮೂರು ತಂತಿಗಳನ್ನು ಸರಕ್ಕನೆ ಮೀಟಿ, ಒಂದನ್ನುಳಿದು ಮಿಕ್ಕವನ್ನು ಕೂಡಲೇ ಅಡಗಿಸುವ ಅಲಂಕಾರಗಳಿವೆ. ಅವಕ್ಕೆಲ್ಲ ಹೆಸರಿತ್ತು.

ಹಳೇಬೇರು, ಧಾರವಾಡ

ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೂ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಪ್ಪತ್ತೆರಡು ವರ್ಷ ಗುರುಗಳ ಎದುರು ಕೂತು ತಾಲೀಮು ಪಡೆದವನು ನಾನು. ಅವರು ಬಾಯಿ ಬಿಟ್ಟು ಕಲಿಸಿದ್ದಕ್ಕಿಂತ, ಬೆಳಗ್ಗೆ ಅವರು ತಂಬೂರಿ ಶ್ರುತಿ ಮಾಡುವಾಗ ಪಕ್ಕದಲ್ಲಿ ಕೂತು ಕೇಳಿ ಕಲಿತದ್ದು ಹೆಚ್ಚು. ಅದು ಕಾಗದಕ್ಕೆ ಇಳಿಯುವುದಿಲ್ಲ. ತಲೆಮಾರುಗಟ್ಟಲೆ ಯಾರೂ ಕೇಳದ ಸಂಗೀತವನ್ನು ಬರಹ ನೋಡಿ ಎಬ್ಬಿಸುತ್ತೇವೆ ಎನ್ನುವುದು ಪುಸ್ತಕ ಓದಿ ಈಜು ಕಲಿತ ಹಾಗೆ. ಅದೂ ಹದಿನೆಂಟನೆಯ ಶತಮಾನದ ಕೊನೆಗೆ ಆ ವಾದಕರು ನುಡಿಸಿದ್ದನ್ನು ಬರೆದುಕೊಂಡವನು ಯಾರು? ಆ ಸಂಪ್ರದಾಯದ ಶಿಷ್ಯನಲ್ಲ, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಹುಡುಗ. ಅವನ ಕಿವಿ ಪಿಯಾನೋದ ಕಿವಿ. ಅವನು ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ ಆ ಮಟ್ಟುಗಳಿಗೆಲ್ಲ ಪಿಯಾನೋ ಅಂಗಿ ತೊಡಿಸಿದ್ದಾನೆ. ಅದರಿಂದ ಹಾರ್ಪಿನ ಬೆರಳು ಹೇಗೆ ಸಿಗುತ್ತದೆ?

ಶಾಲ್ಮಲಾ, ಡಬ್ಲಿನ್

ಬೇಸರವೇಕೆ ಸರ್, ಈ ಮಾತು ಬರಲಿ ಎಂದೇ ಚರ್ಚೆ ತೆರೆದದ್ದು. ಪಿಯಾನೋ ಅಂಗಿಯ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಅಂಗಿಯ ಕೆಳಗೆ ಇನ್ನೊಂದು ಪುಸ್ತಕ ಇದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

1792ರ ಜುಲೈಯಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ವಾದಕರನ್ನೆಲ್ಲ ಕೂಡಿಸಿದರು. ವಿದ್ಯೆ ಮುಗಿಯುತ್ತಾ ಬಂದಿದೆ ಎಂದು ಆಗಲೇ ಎಲ್ಲರಿಗೂ ತಿಳಿದಿತ್ತು. ದ್ವೀಪವನ್ನೆಲ್ಲ ಜಾಲಾಡಿದರೂ ಬಂದ ಐರಿಷ್ ವಾದಕರು ಹತ್ತೇ ಜನ, ಜೊತೆಗೆ ವೇಲ್ಸಿನವನೊಬ್ಬ. ಹತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕುರುಡರು. ಹೆಣ್ಣು ಒಬ್ಬಳೇ, ರೋಸ್ ಮೂನಿ. ಅವರು ನುಡಿಸಿದ್ದನ್ನು ಬರೆದುಕೊಳ್ಳಲು ಹತ್ತೊಂಬತ್ತು ವರ್ಷದ ಎಡ್ವರ್ಡ್ ಬಂಟಿಂಗ್‌ನನ್ನು ಗೊತ್ತುಮಾಡಿದರು. ನೀವು ಹೇಳಿದ ಆರ್ಗನ್ ಹುಡುಗ ಅವನೇ.

ಆ ಹತ್ತು ಜನರಲ್ಲಿ ಹಳೆಯ ರೀತಿಯಲ್ಲಿ ಉದ್ದ, ಬಾಗಿದ ಉಗುರುಗಳಿಂದ ನುಡಿಸಿದವನು ಒಬ್ಬನೇ: ಡೆನಿಸ್ ಓಹ್ಯಾಂಪ್ಸಿ, ಆಗ ತೊಂಬತ್ತೇಳು ವರ್ಷದ ಮುದುಕ. ಮೂರನೆಯ ವಯಸ್ಸಿನಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡು, ಬ್ರಿಜೆಟ್ ಓಕಾಹನ್ ಎಂಬ ಹೆಂಗಸಿನ ಹತ್ತಿರ ಪಾಠ ಕಲಿತವನು. ಮಿಕ್ಕವರೆಲ್ಲ ಅಷ್ಟರಲ್ಲೇ ಬೆರಳ ತೊಗಲಿಗೆ ಬದಲಾಗಿದ್ದರು. ಮೊದಲ ಬಹುಮಾನ ಹತ್ತು ಗಿನಿ ಹೋದದ್ದು ಚಾರ್ಲ್ಸ್ ಫ್ಯಾನಿಂಗ್‌ಗೆ, ಹೊಸ ಬೆಡಗಿನ ವಾದನಕ್ಕೆ. ಈ ಸಂಗತಿ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಉಳಿಸಲೆಂದೇ ಕೂಡಿಸಿದ ಸಭೆಗೂ ಉಳಿಸಬೇಕಾದದ್ದು ಯಾವುದು ಎಂದು ಕಿವಿಗೆ ತಿಳಿಯಲಿಲ್ಲ.

ಬಂಟಿಂಗ್‌ಗೆ ತಿಳಿಯಿತು. ಸಭೆ ಮುಗಿದ ಮೇಲೆ ಅವನು ಓಹ್ಯಾಂಪ್ಸಿಯ ಊರಾದ ಮ್ಯಾಗಿಲಿಗನ್‌ಗೆ ಹುಡುಕಿಕೊಂಡು ಹೋದ. ವಾದಕರು ಶ್ರುತಿ ಸರಿಯಾಗಿದೆಯೇ ಎಂದು ನೋಡಲು ನುಡಿಸುತ್ತಿದ್ದ ಬಹಳ ಹಳೆಯ ಒಂದು ಮಟ್ಟನ್ನು ನುಡಿಸಲು ಮುದುಕ ಒಪ್ಪಲೇ ಇಲ್ಲ, ಕಾಡಿ ಬೇಡಿ ಅದರ ತುಣುಕನ್ನು ಪಡೆದ. ಗುರುವಿನ ಮನೆಯ ಬಾಗಿಲಲ್ಲಿ ಕಾದು ಒಂದು ಚೀಜು ಪಡೆದವರ ಕಥೆಗಳು ನಿಮ್ಮ ಕಡೆ ಬೇಕಾದಷ್ಟಿವೆಯಲ್ಲ ಸರ್, ಇದೂ ಅಂಥದೇ. ಹಿತ್ತಾಳೆಯ ಸಣ್ಣ ತಂತಿಗಳ ಕಿಣಿಕಿಣಿ, ಮಂದ್ರದ ಆಳವಾದ ನಾದದೊಡನೆ ಸೇರಿದಾಗ ಮೈ ನವಿರೇಳುತ್ತಿತ್ತು ಎಂದು ಬಂಟಿಂಗ್ ಮುಂದೆ ಬರೆದ.

ಅವನು ಅಚ್ಚು ಹಾಕಿಸಿದ್ದು ಮೂರು ಸಂಗ್ರಹ: 1796, 1809, 1840. ಅವುಗಳಲ್ಲಿ ಪಿಯಾನೋ ಅಂಗಿ ಇದೆ. ಆದರೆ ವಾದಕರ ಎದುರು ಕೂತು ಗೀಚಿದ ಕೈಬರಹದ ಪುಸ್ತಕಗಳು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಉಳಿದಿವೆ. ಅಲ್ಲಿರುವುದು ಬರಿಯ ಚುಕ್ಕಿಗಳು, ಅವಸರದ ಗೆರೆಗಳು, ತಿದ್ದುಪಡಿಗಳು. ಮಟ್ಟಿನ ಮೂಳೆ ಅಲ್ಲಿ ಕಾಣುತ್ತದೆ. 1840ರ ಪುಸ್ತಕದ ಮುನ್ನುಡಿಯ ಭಾಗದಲ್ಲಿ ಇನ್ನೊಂದು ನಿಧಿ ಇದೆ: ವಾದಕರ ಬಾಯಿಂದ ಕೇಳಿ ಬರೆದ ಐರಿಷ್ ಪಾರಿಭಾಷಿಕ ಪದಗಳ ಪಟ್ಟಿ. ದೊಡ್ಡ ಹೊಳೆ, ಸಣ್ಣ ಹೊಳೆ, ಬೀಳು, ಬೆರಳ ತುದಿಯ ಚುರುಕು ಎಂದೆಲ್ಲ ಅರ್ಥ ಬರುವ ಹೆಸರುಗಳು. ಒಂದೊಂದರ ಪಕ್ಕದಲ್ಲೂ ಯಾವ ಬೆರಳು ಮೀಟಬೇಕು, ಯಾವ ಬೆರಳು ನಿಲ್ಲಿಸಬೇಕು ಎಂಬ ವಿವರ. ಪಿಯಾನೋದವನಿಗೆ ಈ ವಿವರದಿಂದ ಏನೂ ಉಪಯೋಗವಿಲ್ಲ. ಅದಕ್ಕೇ ನೂರ ಮೂವತ್ತು ವರ್ಷ ಯಾರೂ ಅದನ್ನು ಕೈಗೆ ಹಾಕಿಕೊಳ್ಳಲಿಲ್ಲ. 1970ರ ದಶಕದಲ್ಲಿ ಆ್ಯನ್ ಹೇಮನ್ ಹಿತ್ತಾಳೆ ತಂತಿಯ ಮೇಲೆ ಉಗುರಿಟ್ಟು ಅವನ್ನು ಒಂದೊಂದಾಗಿ ಮಾಡಿ ನೋಡಿದರು. ಕರುಳಿನ ತಂತಿಯ ಮೇಲೆ ಅರ್ಥವಿಲ್ಲದ ಆ ನಡೆಗಳು ಹಿತ್ತಾಳೆಯ ಮೇಲೆ ಥಟ್ಟನೆ ಅರ್ಥವಾದವು. ವಾದ್ಯವೇ ಪಾಠ ಓದಿಸಿತು.

ಪುಸ್ತಕ ಓದಿ ಈಜಲು ಬರುವುದಿಲ್ಲ, ಒಪ್ಪಿದೆ. ಆದರೆ ನೀರಿಗಿಳಿದು ಪುಸ್ತಕ ಓದಿದರೆ?

ನಾಗಲಿಂಗ, ಎಡಿನ್‌ಬರೋ

ಇಲ್ಲಿನ ನ್ಯಾಷನಲ್ ಮ್ಯೂಸಿಯಂನಲ್ಲಿ ಇಂಥ ಎರಡು ಹಾರ್ಪ್‌ಗಳಿವೆ, ಕ್ವೀನ್ ಮೇರಿ ಮತ್ತು ಲಾಮಂಟ್. ನನ್ನ ಮನೆಯಿಂದ ನಡೆದು ಹೋಗುವ ದೂರ. ಹೊಸದಾಗಿ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುತ್ತೇನೆ. ಕ್ವೀನ್ ಮೇರಿ ನೋಡಲು ಅಚ್ಚರಿಯಾಗುವಷ್ಟು ಚಿಕ್ಕದು, ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಳ್ಳಬಹುದು. ಗಾಜಿಗೆ ಮೂಗು ತಾಗಿಸಿ ನೋಡಿದರೆ, ತಂತಿ ಹೊರಬರುವ ಪ್ರತಿ ತೂತಿನ ಅಂಚಿಗೂ ಲೋಹದ ಪುಟ್ಟ ಲಾಳದಂಥ ತುಂಡು ಹೊಡೆದಿರುವುದು ಕಾಣುತ್ತದೆ. ಹಿತ್ತಾಳೆ ತಂತಿ ಮರವನ್ನು ಕೊಯ್ಯದಿರಲಿ ಎಂದು. ಮೈಮೇಲೆಲ್ಲ ಬಳ್ಳಿ, ಮೃಗಗಳ ಕೆತ್ತನೆ. ಲಾಮಂಟ್‌ಗೆ ಅಷ್ಟು ಸಿಂಗಾರವಿಲ್ಲ, ಮುರಿದ ಕಡೆ ಲೋಹದ ಪಟ್ಟಿ ಹೊಡೆದು ನುಡಿಸಿದ ಗುರುತುಗಳಿವೆ. ನನಗೆ ಅದರ ಮೇಲೇ ಹೆಚ್ಚು ಪ್ರೀತಿ, ಯಾಕೆಂದರೆ ಅದು ದುಡಿದ ವಾದ್ಯ.

ರಾಬರ್ಟ್ ಬ್ರೂಸ್ ಆರ್ಮ್‌ಸ್ಟ್ರಾಂಗ್ ಎಂಬವರು ಹಳೆಯ ಹಾರ್ಪ್‌ಗಳನ್ನೆಲ್ಲ ಅಳೆದು, ಚಿತ್ರ ಬರೆದು 1904ರಲ್ಲೇ ಪ್ರಕಟಿಸಿದ್ದರು. ಈಚೆಗೆ ಕರೆನ್ ಲೂಮಿಸ್ ಎಂಬ ಸಂಶೋಧಕಿ ಇಲ್ಲಿನ ವಿಶ್ವವಿದ್ಯಾಲಯದ ಪಿಎಚ್‌.ಡಿ.ಗಾಗಿ ಈ ಎರಡನ್ನೂ ಸಿ.ಟಿ. ಸ್ಕ್ಯಾನ್ ಮಾಡಿಸಿದರು, ಮನುಷ್ಯರಿಗೆ ಮಾಡುವ ಹಾಗೆಯೇ. ಮೈಯ ಒಳಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ದುರಸ್ತಿಯಾಗಿದೆ ಎಂಬುದೆಲ್ಲ ಈಗ ತಿಳಿದಿದೆ. ಪ್ರತಿಕೃತಿ ಮಾಡುವವರಿಗೆ ಊಹೆಯ ಹೊರೆ ಅಷ್ಟು ಕಡಿಮೆ.

ಅಘನಾಶಿನಿ, ಬೆಲ್‌ಫಾಸ್ಟ್

ನಮ್ಮ ನೆಲಕ್ಕೆ ಸಂಬಂಧಿಸಿದ ಒಂದು ಸಂಗತಿ ಸೇರಿಸುತ್ತೇನೆ. 1808ರಲ್ಲಿ ಇಲ್ಲಿ ಹಾರ್ಪ್ ಸಂಘ ಹುಟ್ಟಿತು. ಕುರುಡು ಮಕ್ಕಳಿಗೆ ಹಾರ್ಪ್ ಕಲಿಸಿ ಹೊಟ್ಟೆಪಾಡಿಗೆ ದಾರಿ ಮಾಡುವುದು ಅದರ ಉದ್ದೇಶ. 1792ರ ಸಭೆಯಲ್ಲಿ ನುಡಿಸಿದ್ದ ಆರ್ಥರ್ ಓನೀಲ್ ಅಲ್ಲಿ ಗುರು, ಆತನೂ ಕುರುಡ. ಹಣ ಸಾಲದೆ ಕೆಲವೇ ವರ್ಷಗಳಲ್ಲಿ ಸಂಘ ಮುಚ್ಚಿತು. 1819ರಲ್ಲಿ ಅದು ಮತ್ತೆ ತೆರೆದದ್ದು ಭಾರತದಲ್ಲಿದ್ದ ಐರಿಷ್ ಜನ ಚಂದಾ ಎತ್ತಿ ಕಳಿಸಿದ ಹಣದಿಂದ. ಆ ದುಡ್ಡಿನ ಬಲದ ಮೇಲೆ 1839ರವರೆಗೆ ನಡೆಯಿತು. ಕಂಪನಿಯ ಕಾಲದಲ್ಲಿ ನಮ್ಮ ಕಡೆಯಿಂದ ಹೊರಟ ಹಣ ಎಂದರೆ ಅದರ ಮೂಲ ಯಾವುದೆಂದು ಎಲ್ಲರಿಗೂ ಗೊತ್ತು. ಅದರಲ್ಲಿ ಒಂದಿಷ್ಟು ಇಲ್ಲಿನ ಕುರುಡು ಮಕ್ಕಳ ಬೆರಳಿಗೆ ತಂತಿಯಾಯಿತು ಎಂಬುದನ್ನು ಓದಿದ ದಿನ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ.

ಆ ಸಂಘದಲ್ಲಿ ಕಲಿತ ಪ್ಯಾಟ್ರಿಕ್ ಬರ್ನ್‌ನ ಫೋಟೋ ಇದೆ, 1845ರಲ್ಲಿ ಎಡಿನ್‌ಬರೋದಲ್ಲಿ ಹಿಲ್ ಮತ್ತು ಆ್ಯಡಮ್ಸನ್ ತೆಗೆದದ್ದು. ಹಳೆಯ ಕಾಲದ ಕವಿಯಂತೆ ಕಾಣಲೆಂದು ಕಂಬಳಿ ಹೊದಿಸಿ ಕೂರಿಸಿದ್ದಾರೆ. ಕಂಬಳಿ ವೇಷವಾದರೂ ಕೈ ವೇಷವಲ್ಲ, ಹಾರ್ಪ್ ಎಡ ಭುಜದ ಮೇಲಿದೆ. ಆತ 1863ರಲ್ಲಿ ತೀರಿಕೊಂಡ.

ಹಳೇಬೇರು, ಧಾರವಾಡ

ಪದಗಳ ಪಟ್ಟಿಯ ವಿಚಾರ ನನಗೆ ಗೊತ್ತಿರಲಿಲ್ಲ. ಯಾವ ಬೆರಳು ನಿಲ್ಲಿಸಬೇಕು ಎಂದು ಬರೆದಿಟ್ಟಿದ್ದಾನೆ ಎಂದರೆ ಆ ಹುಡುಗ ಕಿವಿಯಿಂದ ಮಾತ್ರವಲ್ಲ, ಕಣ್ಣಿಟ್ಟು ಕೈ ನೋಡಿದ್ದಾನೆ. ಆರ್ಗನ್ ಹುಡುಗ ಎಂದು ಹಗುರವಾಗಿ ಅಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ಆದರೂ ನನ್ನ ಮೂಲ ಮಾತು ಉಳಿಯುತ್ತದೆ. ಲಯ ಎಲ್ಲಿಂದ ತರುತ್ತೀರಿ? ಒಂದು ಮಟ್ಟನ್ನು ಎಷ್ಟು ಸಾವಕಾಶವಾಗಿ ನುಡಿಸುತ್ತಿದ್ದರು, ಎಲ್ಲಿ ಉಸಿರು ಬಿಡುತ್ತಿದ್ದರು, ಹಾಡುವವನ ಜೊತೆ ಹೇಗೆ ಹೋಗುತ್ತಿದ್ದರು? ಇದನ್ನು ಪುನರುಜ್ಜೀವನ ಎನ್ನುವುದಕ್ಕಿಂತ ಪುನರ್ನಿರ್ಮಾಣ ಎನ್ನಿ. ಹಂಪಿಯಲ್ಲಿ ಬಿದ್ದ ಕಂಬದ ಬದಲು ಹೊಸ ಕಂಬ ನಿಲ್ಲಿಸಿದಾಗ ಇದು ಹೊಸದು ಎಂದು ಕಾಣುವಂತೆ ಬಿಡುವುದೇ ಪ್ರಾಮಾಣಿಕತೆ.

ವೀಣೆಮನೆ, ಮೈಸೂರು

ಹಳೇಬೇರು ಅವರೇ, ನಮ್ಮಲ್ಲಿ ಏನಾಯಿತು ನೋಡಿ. ಹಳೆಯ ಕಾಲದಲ್ಲಿ ವೀಣೆ ಎಂದರೆ ಬಿಲ್ಲಿನಂತೆ ಬಾಗಿದ ಹಾರ್ಪೇ ಆಗಿತ್ತು. ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅವನು ಮಂಚದ ಮೇಲೆ ಕೂತು ನುಡಿಸುತ್ತಿರುವುದು ಅದನ್ನೇ. ತಮಿಳು ಸಂಗಂ ಸಾಹಿತ್ಯದ ಯಾಳ್ ಕೂಡ ಅದೇ ಕುಲದ್ದು. ಬರ್ಮಾದಲ್ಲಿ ಅದರ ಬಂಧು ಇಂದಿಗೂ ನುಡಿಯುತ್ತಿದೆ. ನಮ್ಮಲ್ಲಿ ಹೆಸರು ಉಳಿಯಿತು, ವಾದ್ಯ ಬದಲಾಯಿತು. ನಮ್ಮ ಆ ವೀಣೆಗೆ ಒಬ್ಬ ಬಂಟಿಂಗ್ ಇರಲಿಲ್ಲ. ಕಲ್ಲಿನಲ್ಲಿ ಕೆತ್ತಿದ ಬೆರಳುಗಳಿವೆ, ಅವು ಯಾವ ತಂತಿಯನ್ನು ನಿಲ್ಲಿಸುತ್ತಿವೆ ಎಂದು ಹೇಳುವವರಿಲ್ಲ. ಅದನ್ನು ನೆನೆದರೆ ಇವರಿಗೆ ಸಿಕ್ಕಿದ್ದು ದೊಡ್ಡದು ಅನಿಸುತ್ತದೆ.

ಶಾಲ್ಮಲಾ, ಡಬ್ಲಿನ್

ಹಳೇಬೇರು ಸರ್, ಹಂಪಿಯ ಕಂಬದ ಹೋಲಿಕೆಯನ್ನು ತಲೆಬಾಗಿ ಒಪ್ಪುತ್ತೇನೆ. ಕಿಲ್ಕೆನಿಯಲ್ಲಿ ನನಗೆ ಹಿಡಿಸಿದ್ದೂ ಅದೇ. ನಮಗೆ ಕಲಿಸಿದವರು ಒಂದು ಮಟ್ಟು ಹೇಳಿಕೊಡುವಾಗ, ಇಷ್ಟು ಬಂಟಿಂಗ್ ಬರೆದದ್ದು, ಈ ಮಂದ್ರದ ಸ್ವರಗಳು ನಾನು ಸೇರಿಸಿದ್ದು ಎಂದು ಬಿಡಿಸಿ ಹೇಳಿದರು. ಲಯಕ್ಕೆ ಅವರು ಹೋಗುವುದು ಹಾಡಿನ ಹತ್ತಿರ. ಐರಿಷ್ ಭಾಷೆಯ ಹಾಡು ಇನ್ನೂ ಬಾಯಿಂದ ಬಾಯಿಗೆ ಬದುಕಿದೆ. ಅದರ ಮಾತಿನ ಏರಿಳಿತ, ಉಸಿರಿನ ಜಾಗ ತಿಳಿಯದೆ ಹಾರ್ಪ್ ಮುಟ್ಟಬೇಡಿ ಎನ್ನುತ್ತಾರೆ. ನಾನು ಐರಿಷ್ ಕಲಿಯಲು ಶುರುಮಾಡಿದ್ದು ಈ ಕಾರಣಕ್ಕೆ.

ನನ್ನ ಕಳವಳ ಬೇರೆ ಕಡೆ ಇದೆ. ಸ್ಕಾಟ್ಲೆಂಡಿನಲ್ಲಿ 1931ರಲ್ಲಿ ಕ್ಲಾರ್ಶಖ್ ಹೆಸರಿನಲ್ಲೇ ಸಂಘ ಹುಟ್ಟಿತು, ಆದರೆ ಅಲ್ಲಿ ಬೆಳೆದದ್ದು ಕರುಳು ಮತ್ತು ನೈಲಾನಿನ ಹಾರ್ಪ್. ಐರ್ಲೆಂಡಿನಲ್ಲಿ ಆ ದಾರಿ ಅದಕ್ಕೂ ಮೊದಲೇ ತೆರೆದಿತ್ತು, ಡಬ್ಲಿನ್ನಿನ ಜಾನ್ ಈಗನ್ 1820ರ ಸುಮಾರಿಗೆ ಕರುಳು ತಂತಿಯ ಚಿಕ್ಕ ಹಾರ್ಪ್ ಮಾಡಿ ಮಾರಿದಾಗ. ಹೆಸರೂ ಆಕಾರವೂ ಹಳೆಯದು, ನಾದವೂ ಕೈಯೂ ಹೊಸದು. ವೀಣೆಮನೆ ಮೇಡಂ ಹೇಳಿದ ಕಥೆಯೇ ಇದು. 2019ರಲ್ಲಿ ಯುನೆಸ್ಕೋ ಐರಿಷ್ ಹಾರ್ಪ್ ವಾದನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾನೂ ಸಂತೋಷಪಟ್ಟೆ. ಆದರೆ ಜನರ ಕಣ್ಣಿಗೆ ಆ ಗೌರವ ಕಾಣುವುದು ನೈಲಾನ್ ಹಾರ್ಪಿನಲ್ಲಿ. ಹಿತ್ತಾಳೆ ತಂತಿಗೆ ಉಗುರು ಬೆಳೆಸುವವರು ಕೆಲವರೇ. 2002ರಲ್ಲಿ ಶವಾನ್ ಆರ್ಮ್‌ಸ್ಟ್ರಾಂಗ್ ಐರ್ಲೆಂಡಿನ ಐತಿಹಾಸಿಕ ಹಾರ್ಪ್ ಸಂಘ ಕಟ್ಟಿ, ಮರುವರ್ಷದಿಂದ ಬೇಸಿಗೆ ಶಾಲೆ ನಡೆಸದಿದ್ದರೆ ನನ್ನಂಥವಳ ಕೈಗೆ ಇದು ಎಂದೂ ಬರುತ್ತಿರಲಿಲ್ಲ.

ಓಹ್ಯಾಂಪ್ಸಿಯ ಹಾರ್ಪ್ ಈಗ ಡಬ್ಲಿನ್ನಿನ ಗಿನ್ನೆಸ್ ಸ್ಟೋರ್‌ಹೌಸ್‌ನಲ್ಲಿದೆ. 1702ರಲ್ಲಿ ಕಾರ್ಮಕ್ ಓಕೆಲಿ ಮಾಡಿದ್ದು. ಬಿಯರ್ ನೋಡಲು ಬಂದವರು ಅದರ ಮುಂದೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಾರೆ. 1805ರಲ್ಲಿ ಸ್ಯಾಂಪ್ಸನ್ ಎಂಬ ಪಾದ್ರಿ ಅವನನ್ನು ನೋಡಲು ಹೋದಾಗ, ನೂರ ಹತ್ತರ ಮುದುಕ ಒಲೆಯ ಹತ್ತಿರ ಹಾಸಿಗೆಯಲ್ಲಿ ಮಲಗಿದ್ದ, ಈ ಹಾರ್ಪ್ ಹೊದಿಕೆಯ ಕೆಳಗೆ ಅವನ ಮಗ್ಗುಲಲ್ಲೇ ಇತ್ತು. ಎರಡು ವರ್ಷಕ್ಕೆ ತೀರಿಕೊಂಡ. ನಾನು ಅಲ್ಲಿಗೆ ಹೋದಾಗ ಹಾರ್ಪಿನ ಭುಜಕ್ಕೆ ಒರಗುವ ಭಾಗವನ್ನೇ ನೋಡುತ್ತಾ ನಿಲ್ಲುತ್ತೇನೆ.

ಮಲ್ಲಿಗೆಬಳ್ಳಿ, ಕಾರ್ಕ್

ಅಕ್ಕ, ನನ್ನ ಮಗಳಿಗೆ ಹತ್ತು ವರ್ಷ. ಶಾಲೆಯಲ್ಲಿ ನೈಲಾನ್ ಹಾರ್ಪ್ ಕಲಿಯುತ್ತಿದ್ದಾಳೆ. ಈ ಚರ್ಚೆ ಓದಿ ಹೇಳಿದೆ, ಈಗ ಹಿತ್ತಾಳೆಯದೇ ಬೇಕೆಂದು ಹಟ ಹಿಡಿದಿದ್ದಾಳೆ. ಕಲಿತದ್ದನ್ನು ಬಿಡಿಸಬೇಕೇ? ಎಲ್ಲಿಂದ ಶುರುಮಾಡಲಿ?

ಶಾಲ್ಮಲಾ, ಡಬ್ಲಿನ್

ಬಿಡಿಸಬೇಡಿ ತಂಗಿ. ಎರಡೂ ಬೇರೆ ವಾದ್ಯ ಎಂದು ಅವಳಿಗೆ ತಿಳಿದರೆ ಸಾಕು, ವೀಣೆಯೂ ಪಿಟೀಲೂ ಕಲಿಯುವ ಮಕ್ಕಳಿಲ್ಲವೇ? ವಾದ್ಯ ಕೊಳ್ಳಲು ಅವಸರ ಬೇಡ, ಬೇಸಿಗೆ ಶಾಲೆಯಲ್ಲಿ ಇಲ್ಲದವರಿಗೆ ಅವರೇ ಕೊಡುತ್ತಾರೆ. ಭುಜ ಬದಲಾಗುವುದರಿಂದ ಮೊದಲ ಕೆಲವು ದಿನ ಕೈ ತಡವರಿಸುತ್ತದೆ, ಗದರಬೇಡಿ. ಉಗುರನ್ನು ಈಗಿನಿಂದಲೇ ಬೆಳೆಸಲಿ.

ಹಾರ್ಪ್ ಕೈಗೆ ಬಂದ ದಿನ ಮಟ್ಟು ಹೇಳಿಕೊಡುವ ಮೊದಲು ಶ್ರುತಿ ಮಾಡಲು ಬಿಡಿ. ತಂತಿಗಳ ಸಾಲಿನ ನಡುವೆ ಎರಡು ತಂತಿಗಳು ಒಂದೇ ಸ್ವರಕ್ಕೆ ನಿಲ್ಲುತ್ತವೆ. ಐರಿಷ್‌ನಲ್ಲಿ ಅವಕ್ಕೆ ಒಟ್ಟಿಗೆ ಮಲಗಿದವರು ಎಂಬ ಅರ್ಥದ ಹೆಸರಿದೆ, ಇಂಗ್ಲಿಷಿನವರು ಅಕ್ಕತಂಗಿಯರು ಎಂದರು. ಮೊದಲು ಅವೆರಡನ್ನು ಕೂಡಿಸಿ, ಆಮೇಲೆ ಅಲ್ಲಿಂದ ಪಂಚಮ, ಸ್ಥಾಯಿ ಎಂದು ಮಿಕ್ಕ ತಂತಿಗಳಿಗೆ ಹೋಗಬೇ­ಕು. ಎರಡನ್ನೂ ಒಟ್ಟಿಗೆ ಮೀಟಿದರೆ ಮೊದಲು ಒಂದು ಅಲೆ ಕೇಳಿಸುತ್ತದೆ, ವಂವ್ ವಂವ್ ಎಂದು. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದಂತೆ ಅಲೆ ನಿಧಾನವಾಗುತ್ತದೆ, ಕೊನೆಗೆ ಇಲ್ಲವಾಗುತ್ತದೆ. ಆ ಅಲೆ ಇಲ್ಲವಾಗುವ ಗಳಿಗೆಯನ್ನು ಅವಳೇ ಕಿವಿಯಿಂದ ಹಿಡಿಯಲಿ. ನೀವು ಪಕ್ಕದಲ್ಲಿ ಕೂತಿರಿ, ಮೊಬೈಲ್ ಶ್ರುತಿಪೆಟ್ಟಿಗೆ ಮಾತ್ರ ಕೊಡಬೇಡಿ.